ಕೆಮ್ಮು ಅಂತ ಬಂದವರ ಹತ್ತಿರ ಬಿಪಿ ಮಾತ್ರೆ ಯಾಕೆ ಕೇಳ್ತೀವಿ?

ಪ್ರಶ್ನೆ: ಅಮ್ಮನಿಗೆ ಎರಡು ತಿಂಗಳಿಂದ ಕೆಮ್ಮು. ಡಾಕ್ಟರ ಹತ್ತಿರ ಹೋದರೆ ಎದೆಗೆ ಸ್ಟೆತಸ್ಕೋಪ್ ಇಡುವ ಮೊದಲೇ ಬಿಪಿ ಮಾತ್ರೆ, ಕಣ್ಣಿನ ಡ್ರಾಪ್ಸ್, ಮಂಡಿನೋವಿನ ಮಾತ್ರೆ ಎಲ್ಲಾ ವಿಚಾರಿಸಿದರು. ಕೆಮ್ಮಿಗೂ ಅದಕ್ಕೂ ಏನು ಸಂಬಂಧ?

ವಾರಕ್ಕೊಮ್ಮೆಯಾದರೂ ಯಾರಾದರೂ ಇದನ್ನು ಕೇಳುತ್ತಾರೆ. ಸಂಬಂಧ ಇದೆ. ಕೆಲವು ಸಲ ಕೆಮ್ಮಿಗೆ ಆ ಮಾತ್ರೆಯೇ ಕಾರಣ.

ಎನಾಲಾಪ್ರಿಲ್, ರಾಮಿಪ್ರಿಲ್, ಹೀಗೆ ಹೆಸರಿನ ಕೊನೆಗೆ ‘ಪ್ರಿಲ್’ ಇರುವ ಬಿಪಿ ಮಾತ್ರೆಗಳು ನೂರಕ್ಕೆ ಸುಮಾರು 10 ಜನರಿಗೆ ಒಣ ಕೆಮ್ಮು ತರುತ್ತವೆ. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಕೆರೆತ ಅಷ್ಟೇ. ಎಷ್ಟು ಸಿರಪ್ ಕುಡಿದರೂ ಹೋಗಲ್ಲ. ಮಾತ್ರೆ ಶುರುವಾಗಿ ತಿಂಗಳುಗಳಾದ ಮೇಲೂ ಬರಬಹುದು, ಹಾಗಾಗಿ "ಅದು ಹಳೇ ಮಾತ್ರೆ ಬಿಡಿ" ಅನ್ನುವ ಹಾಗಿಲ್ಲ. ಮಾತ್ರೆ ಬದಲಿಸಿದರೆ ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ ಕೆಮ್ಮು ನಿಲ್ಲುತ್ತದೆ. ಬದಲಿಸುವುದು ಡಾಕ್ಟರ ಕೆಲಸ, ನೀವಾಗಿ ನಿಲ್ಲಿಸಬೇಡಿ. ಇನ್ನು ಗ್ಲಾಕೋಮಾಗೆ, ಅಂದರೆ ಕಣ್ಣಿನ ನರ ಹಾಳುಮಾಡುವ ಕಾಯಿಲೆಗೆ, ಹಾಕುವ ಟಿಮೊಲಾಲ್ ಡ್ರಾಪ್ಸ್ ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಅಸ್ತಮಾ ಇದ್ದವರಿಗೆ ಅದು ಉಸಿರು ಕಟ್ಟಿಸಬಹುದು. ಕೆಲವು ಅಸ್ತಮಾದವರಿಗೆ ಆಸ್ಪಿರಿನ್, ಡೈಕ್ಲೋಫಿನಾಕ್ ತರಹದ ನೋವಿನ ಮಾತ್ರೆಯೂ ಆಗಿಬರಲ್ಲ.

ಅಂದ ಹಾಗೆ, ಎರಡು ವಾರ ದಾಟಿದ ಯಾವ ಕೆಮ್ಮಿಗೂ ಟಿಬಿ ಇದೆಯಾ ಅಂತ ಕಫ ಪರೀಕ್ಷೆ ಆಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಮ್ಮನಿಗೆ ಮಾಡಿಸಿದಿರಾ?

ಇದೆಲ್ಲ ಕೇಳಿದರೆ ಜನ ಹೇಳುತ್ತಾರೆ. ಹೇಳದೆ ಬಚ್ಚಿಡುವುದು ಒಂದನ್ನೇ.

"ಬೇರೆ ಏನಾದ್ರೂ ಔಷಧಿ ತಗೊಳ್ತೀರಾ ಅಮ್ಮಾ?"

"ಇಲ್ಲ ಡಾಕ್ಟ್ರೇ."

ಪಕ್ಕದಲ್ಲಿ ಕೂತ ಮಗಳು ಅಮ್ಮನ ಮುಖ ನೋಡುತ್ತಾಳೆ. ನಾನು ಸುಮ್ನೆ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಬ್ಯಾಗಿನ ತಳದಿಂದ, ಕರ್ಚೀಫಿನಲ್ಲಿ ಸುತ್ತಿಟ್ಟ ನೀಲಿ ಪಂಪ್, ಅಂದರೆ ಅಸ್ತಮಾದವರು ಬಾಯಲ್ಲಿಟ್ಟು ಎಳೆದುಕೊಳ್ಳುವ ಇನ್ಹೇಲರ್, ಹೊರಗೆ ಬರುತ್ತದೆ. "ತೀರಾ ಕಷ್ಟ ಆದ್ರೆ ಮಾತ್ರ ಡಾಕ್ಟ್ರೇ. ಅಭ್ಯಾಸ ಆಗಿಬಿಟ್ರೆ ಅಂತ ಭಯ."

ಪಂಪ್ ಚಟ ಹಿಡಿಸುತ್ತದಂತೆ, ಅದು ಕೊನೇ ಹಂತದ ಔಷಧಿಯಂತೆ. ಈ ಮಾತಿಗೆ ಉತ್ತರ ಹೇಳಿ ಹೇಳಿ ನನ್ನ ಗಂಟಲೇ ಒಣಗಿದೆ. ಹತ್ತು ವರ್ಷದಿಂದ ಬಿಪಿ ಮಾತ್ರೆ ನುಂಗುವವರಿಗೆ ಯಾರಾದರೂ ಚಟ ಅಂತಾರಾ? ಇಲ್ಲಿ ಮಾತ್ರ ಯಾಕೆ?

ಲೆಕ್ಕ ನೋಡಿ. ಆ ನೀಲಿ ಪಂಪಿನಲ್ಲಿರುವ ಔಷಧಿ ಸಾಲ್ಬ್ಯುಟಮಾಲ್. ಪಂಪನ್ನು ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಪಂಪ್ ಬೇಡ, ಮಾತ್ರೆ ಕೊಡಿ ಅಂತೀರಲ್ಲ, ಅದೇ ಔಷಧಿಯ 4 ಮಿಲಿಗ್ರಾಂ ಮಾತ್ರೆ ಅಂದರೆ 4000 ಮೈಕ್ರೋಗ್ರಾಂ. ಪಂಪನ್ನು 40 ಸಲ ಒತ್ತಿದಷ್ಟು! ಅದು ಹೊಟ್ಟೆಗೆ ಹೋಗಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಡವಡವ ಅನ್ನಿಸಿ, ಆಮೇಲೆ ಶ್ವಾಸಕೋಶಕ್ಕೆ ಬರಬೇಕು. ಪಂಪಿನದು ನೇರ ಅಲ್ಲಿಗೇ ಹೋಗುತ್ತದೆ. ಸ್ಟೀರಾಯ್ಡ್ ಕತೆಯೂ ಅಷ್ಟೇ: ಪಂಪಿನಲ್ಲಿ ಮೈಕ್ರೋಗ್ರಾಂ, ಮಾತ್ರೆಯಲ್ಲಿ ಮಿಲಿಗ್ರಾಂ. ಮೆಡಿಕಲ್ ಶಾಪಿನಿಂದ ಕೇಳಿ ತಂದು ತಿಂಗಳುಗಟ್ಟಲೆ ನುಂಗಿದವರಿಗೆ ಮುಖ ಊದಿ, ಶುಗರ್ ಏರಿ, ಮೂಳೆ ಸವೆದಿರುತ್ತದೆ. ಆದರೂ ಅವರಿಗೆ ಭಯ ಇರುವುದು ಪಂಪಿನದೇ.

ನೀಲಿ ಪಂಪನ್ನೇ ನಂಬಿ ಕೂತರೆ ಅಪಾಯ, ಅದು ನಿಜ. ಅದು ಬಿಗಿದ ಉಸಿರುನಾಳ ಸಡಿಲಿಸುತ್ತದೆ, ಒಳಗಿನ ಊತ ಇಳಿಸಲ್ಲ. ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಸಲಕ್ಕೆ ಆಗುವಷ್ಟು ಔಷಧಿ ಇರುತ್ತದೆ. ಅದಕ್ಕೇ "ಒಂದು ಪಂಪ್ ಎಷ್ಟು ದಿನ ಬರುತ್ತೆ?" ಅಂತ ಕೇಳುತ್ತೇನೆ. ತಿಂಗಳಿಗೊಂದು ಅಂದರೆ ಅಸ್ತಮಾ ಕೈಮೀರುತ್ತಿದೆ, ಊತ ಇಳಿಸುವ ಸ್ಟೀರಾಯ್ಡ್ ಪಂಪ್ ದಿನಾ ಬೇಕು ಅಂತ ಅರ್ಥ. ಬಚ್ಚಿಟ್ಟರೆ ಇದು ನನಗೆ ಹೇಗೆ ಗೊತ್ತಾಗಬೇಕು?

ಜೊತೆಗೆ "ಹೇಗೆ ತಗೊಳ್ತೀರಿ, ತೋರಿಸಿ" ಅನ್ನುತ್ತೇನೆ. ಯಜಮಾನರೊಬ್ಬರು ಯಂತ್ರಕ್ಕೆ ಹಾಕಿ ಎಳೆಯಬೇಕಾದ ಕ್ಯಾಪ್ಸೂಲನ್ನು ಮೂರು ತಿಂಗಳು ನೀರಲ್ಲಿ ನುಂಗಿದ್ದರು. "ಕ್ಯಾಪ್ಸೂಲ್ ಅಂದ್ರಲ್ಲ ಸಾರ್!" ತಪ್ಪು ಅವರದಲ್ಲ, ಬರೆದುಕೊಟ್ಟು ತೋರಿಸದೆ ಕಳಿಸಿದ ನನ್ನದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. "ಮನೇಲಿ ಸೌದೆ ಒಲೆ ಇದೆಯಾ?" ಅಂತ ಕೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಎಲ್ಲರೂ "ಇಲ್ಲ, ಗ್ಯಾಸ್" ಅನ್ನುತ್ತಾರೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಒಲೆ ಹೊಗೆಯಿಂದ ಸಿಒಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬರುತ್ತದೆ, ಹಾಗಾಗಿ ಅಷ್ಟಕ್ಕೇ ಬಿಡುವ ಹಾಗಿಲ್ಲ. ಈಗ ಬೇರೆ ತರಹ ಕೇಳುತ್ತೇನೆ.

"ಸ್ನಾನಕ್ಕೆ ನೀರು ಹೇಗೆ ಕಾಯಿಸ್ತೀರಿ?"

"ಹಂಡೆ ಒಲೆಗೆ ಬೆಂಕಿ ಹಾಕ್ತೀವಿ."

"ಹಾಕೋದು ಯಾರು?"

"ಇನ್ಯಾರು, ನಾನೇ. ಮದುವೆಯಾಗಿ ಬಂದಾಗಿನಿಂದ."