ಕಟ್ಟುವಾಗಲೇ ಕಳಚುವ ಲೆಕ್ಕ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕೊನೆಯ ದಿನ ದೇವಿ ಬಿಡ್ಕಿಬೈಲಿನ ಗದ್ದುಗೆಯಿಂದ ಇಳಿದು ಹೊರಡುತ್ತಾಳೆ, ಜಾತ್ರೆಗೆಂದೇ ಕಟ್ಟಿದ ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಜನ ನೋಡುತ್ತಿದ್ದಂತೆ ಚಪ್ಪರ ಬೂದಿಯಾಗುತ್ತದೆ. ಅಯ್ಯೋ, ಇಷ್ಟು ಕಷ್ಟಪಟ್ಟು ಕಟ್ಟಿದ್ದು ಹೋಯ್ತಲ್ಲ ಎಂದು ಯಾರೂ ಹಲುಬುವುದಿಲ್ಲ. ಅದು ಹೇಗೆ ಮುಗಿಯುತ್ತದೆ ಅನ್ನುವುದು ಮೊದಲ ಗಳ ನೆಡುವಾಗಲೇ ಎಲ್ಲರಿಗೂ ಗೊತ್ತಿರುತ್ತದೆ.

ಪೇಟೆಯ ಬಯಲಲ್ಲಿ, ರಸ್ತೆಯಲ್ಲಿ ನಾಲ್ಕು ದಿನ ನಿಂತು ಹೋಗುವ ಕಲಾಕೃತಿಗಳು ಹೊರದೇಶದಿಂದ ಬಂದ ಹೊಸ ಪದ್ಧತಿ ಅಂತ ಬರೆಯುವವರು ಜಾಸ್ತಿ. ಉತ್ತರ ಕನ್ನಡದ ಮಟ್ಟಿಗೆ ಈ ಮಾತು ಸರಿಯಲ್ಲ. ಇಲ್ಲಿ ಅಂಥ ಕಲೆಗೆ ಮೊದಲಿನಿಂದಲೂ ಜಾಗ ಇತ್ತು. ಹೊಸದಾಗಿ ಬಂದದ್ದು ಬೇರೆ ಸಾಮಾನು, ಬೇರೆ ಗುತ್ತಿಗೆ. ಗೊಂದಲ ಶುರುವಾಗಿದ್ದೂ ಅಲ್ಲಿಂದಲೇ.

ಅಂಥ ಕಲೆಗೆ ಇಲ್ಲಿ ಜಾಗ ಇದ್ದದ್ದಕ್ಕೆ ಒಂದು ಕಾರಣ ಮಳೆ. ಕಾರವಾರದಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲಲ್ಲಿ ಏನೇ ಕಟ್ಟಿದರೂ ಮಳೆ ಹಿಡಿಯುವುದರೊಳಗೆ ಬಿಚ್ಚಬೇಕು. ಯಕ್ಷಗಾನವನ್ನೇ ನೋಡಿ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು ಮಾವಿನ ಎಲೆಯ ತೋರಣ ಕಟ್ಟಿದರೆ ರಂಗಸ್ಥಳ ಆಯಿತು. ರಾತ್ರಿಯಿಡೀ ಅಲ್ಲಿ ದೇವಲೋಕ ಇರುತ್ತಿತ್ತು. ಮಳೆ ಬಂದರೆ ಅದೇ ಗದ್ದೆಗೆ ನೇಗಿಲು ಇಳಿಯುತ್ತಿತ್ತು.

ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ಶಿರಸಿಯ ಬೀದಿಗೆ ಬೇಡರ ವೇಷ ಇಳಿಯುತ್ತದೆ. ಬೆನ್ನ ಹಿಂದೆ ನವಿಲುಗರಿಯ ದೊಡ್ಡ ಚಕ್ರ, ಮುಖದ ತುಂಬ ಬಣ್ಣ, ಹತ್ತಿ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಇಬ್ಬರು ಜಗ್ಗಿ ಹಿಡಿದಿರುತ್ತಾರೆ. ತಮಟೆ ಜೋರಾದಾಗ ವೇಷ ಮುನ್ನುಗ್ಗುತ್ತದೆ, ಮಕ್ಕಳು ಕಿರುಚಿಕೊಂಡು ಹಿಂದೆ ಸರಿಯುತ್ತಾರೆ, ಹಗ್ಗ ಬಿಗಿಯುತ್ತದೆ. ದಿನಾ ಸ್ಕೂಟರ್ ಓಡಾಡುವ ರಸ್ತೆ ಆ ಹೊತ್ತಿಗೆ ಪೂರ್ತಿ ಬೇರೆಯೇ ಜಾಗ. ಬೆಳಗಾದರೆ ಬಣ್ಣ ತೊಳೆದು ಆಯಿತು, ರಸ್ತೆ ಮತ್ತೆ ರಸ್ತೆ. ಒಂದು ಜಾಗವನ್ನು ಸ್ವಲ್ಪ ಹೊತ್ತು ಬದಲಿಸಿ ವಾಪಸ್ ಕೊಡುವುದೇ ಇಂಥ ಕಲೆಯ ಜೀವಾಳ, ಅಲ್ವಾ?

ಕಾರವಾರದ ಮಾರುತಿ ಗಲ್ಲಿಯಲ್ಲಿ ಅದನ್ನು ಇನ್ನೂ ಹತ್ತಿರದಿಂದ ನೋಡಬಹುದು. ಮಾರುತಿ ದೇವರ ಜಾತ್ರೆಗೆ ಅಲ್ಲಿನ ಮನೆಗಳ ಮುಂದೆ ರಂಗೋಲಿ ಬಿಡಿಸುತ್ತಾರೆ. ಚುಕ್ಕಿ ಇಟ್ಟು ಎಳೆ ಎಳೆಯುವುದಷ್ಟೇ ಅಲ್ಲ, ಮನುಷ್ಯರ ಮುಖವನ್ನೇ ಬಣ್ಣದ ಪುಡಿಯಲ್ಲಿ ಮೂಡಿಸುತ್ತಾರೆ. ಕೆನ್ನೆಯ ನೆರಳಿಗೆ ಒಂದು ಪುಡಿ, ಕಣ್ಣಿನ ಹೊಳಪಿಗೆ ಚಿಟಿಕೆ ಬಿಳಿ. ಜೋರಾಗಿ ಗಾಳಿ ಬೀಸಿದರೆ ಅಷ್ಟೂ ಕೆಲಸ ಹೋಯಿತು. ಊರಿನವರು ರಾತ್ರಿ ಸಾಲಾಗಿ ನಡೆದು ನೋಡುತ್ತಾರೆ, ಆಮೇಲೆ ಪೊರಕೆ ಬರುತ್ತದೆ. ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಇಷ್ಟು ಮನಸ್ಸಿಟ್ಟು ಬಿಡಿಸುವ ಕೈಗಳಿಗೆ ನಾವು ಕೊಡುವ ಗೌರವ ಸಾಲದು. ದೊಡ್ಡ ಪೇಟೆಯ ಗ್ಯಾಲರಿಯಲ್ಲಿ ಇದೇ ಕೆಲಸ ಆಗಿದ್ದರೆ ಗೋಡೆಗೆ ಕಲಾವಿದರ ಹೆಸರು ಬರೆದ ಫಲಕ ಇರುತ್ತಿತ್ತು.

ಬದಲಾವಣೆ ಮೊದಲು ಬಂದದ್ದು ಸಾಮಾನಿನಲ್ಲಿ. ಅಡಿಕೆ ದಬ್ಬೆ, ಸೋಗೆ, ಬಾಳೆದಿಂಡು ತೋಟದಲ್ಲೇ ಸಿಗುತ್ತಿದ್ದವು, ಕೆಲಸ ಮುಗಿದ ಮೇಲೆ ಗೊಬ್ಬರಕ್ಕೋ ಒಲೆಗೋ ಹೋಗುತ್ತಿದ್ದವು. ಅವುಗಳ ಜಾಗಕ್ಕೆ ಥರ್ಮಾಕೋಲ್, ಫ್ಲೆಕ್ಸ್, ಫೈಬರ್ ಬಂದವು. ಹಗುರ, ಬೇಗ ಕೆಲಸ ಆಗುತ್ತದೆ, ದೂರದಿಂದ ಚೆಂದ ಕಾಣುತ್ತದೆ. ಆದರೆ ಅವನ್ನು ಸುಡುವ ಹಾಗಿಲ್ಲ, ಮಣ್ಣಿಗೆ ಹಾಕಿದರೆ ಕರಗುವುದಿಲ್ಲ. ಗೋವಾ ಮತ್ತು ಅದಕ್ಕೆ ತಾಗಿಕೊಂಡ ಕಾರವಾರದ ಕಡೆ ದೀಪಾವಳಿಯ ಚತುರ್ದಶಿಗೆ ಸುಡುವ ನರಕಾಸುರನೂ ಇದರಿಂದ ಪಾರಾಗಲಿಲ್ಲ. ಹುಲ್ಲು ಮತ್ತು ಕಾಗದದ ರಾಕ್ಷಸ ಉರಿದರೆ ಬೂದಿ. ಥರ್ಮಾಕೋಲ್ ಸೇರಿದರೆ ಕಪ್ಪು ಹೊಗೆ, ಕೆಳಗೆ ಅಂಟಂಟು ಮುದ್ದೆ.

ಕಾನೂನು ಇದನ್ನು ತಡವಾಗಿ ಗಮನಿಸಿತು. ಪ್ಲಾಸ್ಟಿಕ್ ಬ್ಯಾನರ್ ಮತ್ತು ಫ್ಲೆಕ್ಸ್ ಮೇಲೆ ಕರ್ನಾಟಕ ಸರ್ಕಾರ 2016ರಲ್ಲಿ ನಿಷೇಧ ಹೇರಿತು. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷಿದ್ಧ.

ಎರಡನೆಯ ಬದಲಾವಣೆ ಕಣ್ಣಿಗೆ ಅಷ್ಟು ಬೇಗ ಬೀಳುವುದಿಲ್ಲ. ಹಿಂದೆ ಕಟ್ಟುವವರೂ ಬಿಚ್ಚುವವರೂ ಅದೇ ಕೇರಿಯವರು. ಯಾರ ಮನೆಯಿಂದ ಗಳ, ಯಾರ ತೋಟದಿಂದ ಸೋಗೆ ಅನ್ನುವುದರ ಜೊತೆಗೆ ಕೊನೆಗೆ ಯಾರು ಎತ್ತಬೇಕು ಅನ್ನುವುದೂ ತೀರ್ಮಾನವಾಗಿರುತ್ತಿತ್ತು. ಪ್ರವಾಸೋದ್ಯಮ, ಉತ್ಸವ, ಫೋಟೋ ತೆಗೆಸಿಕೊಳ್ಳುವ ಜಾಗ ಅಂತ ಶುರುವಾದ ಮೇಲೆ ಈ ಕೆಲಸ ಗುತ್ತಿಗೆಗೆ ಹೋಯಿತು. ಗುತ್ತಿಗೆಯಲ್ಲಿ ಕಟ್ಟುವುದಕ್ಕೆ ದುಡ್ಡು ಇರುತ್ತದೆ. ಬಿಚ್ಚುವುದು ಸಾಮಾನ್ಯವಾಗಿ ಯಾರ ತಲೆಗೂ ಬರುವುದಿಲ್ಲ. ಹಾಗಾಗಿ ನಾಲ್ಕು ದಿನಕ್ಕೆಂದು ನಿಲ್ಲಿಸಿದ್ದು ನಾಲ್ಕು ಮಳೆಗಾಲ ನಿಲ್ಲುತ್ತದೆ. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು, ಫೈಬರ್ ಬಿರಿದು ಮೂಲೆಯಲ್ಲಿ ಬಿದ್ದಿರುತ್ತದೆ. ಅಂಥದ್ದನ್ನು ನೋಡಿದ ಜನ ಇನ್ನೊಮ್ಮೆ ಕಲೆ ಅಂದರೆ ಯಾಕಪ್ಪಾ ಅನ್ನುತ್ತಾರೆ. ನನಗೆ ಹೆಚ್ಚು ನೋವಾಗುವುದು ಇದಕ್ಕೇ.

ಇದಕ್ಕೆ ದಾರಿ ಇಲ್ಲ ಅಂತಲ್ಲ. 1995ರಲ್ಲಿ ಕ್ರಿಸ್ಟೋ ಮತ್ತು ಜಾನ್-ಕ್ಲೋಡ್ ಎಂಬ ಕಲಾವಿದ ದಂಪತಿ ಬರ್ಲಿನ್‌ನ ಸಂಸತ್ ಭವನಕ್ಕೆ ಪೂರ್ತಿ ಬಟ್ಟೆ ಸುತ್ತಿದರು. 1971ರಿಂದ ಬೆನ್ನು ಹತ್ತಿದ್ದ ಯೋಜನೆ ಅದು. ಅನುಮತಿ ಕೊಡಬೇಕೋ ಬೇಡವೋ ಅಂತ 1994ರಲ್ಲಿ ಸಂಸತ್ತಿನಲ್ಲೇ ಚರ್ಚೆ ನಡೆದು 292-223 ಮತಗಳಿಂದ ಗೆದ್ದಿತು. ಅಷ್ಟೆಲ್ಲ ಆದಮೇಲೆ ಕೃತಿ ಇದ್ದದ್ದು ಬರೀ 14 ದಿನ. ನೋಡಿದವರು ಸುಮಾರು 50 ಲಕ್ಷ ಜನ. ಖರ್ಚನ್ನು ಕಲಾವಿದರು ತಮ್ಮ ಚಿತ್ರಗಳನ್ನು ಮಾರಿಯೇ ಹೊಂದಿಸಿದರು. ಬಿಚ್ಚಿದ ಸಾಮಾನು ಮರುಬಳಕೆಗೆ ಹೋಯಿತು.

ಅಷ್ಟು ದೂರ ಹೋಗುವುದೂ ಬೇಡ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಕಲಾವಿದ ಬಾದಲ್ ನಂಜುಂಡಸ್ವಾಮಿ ಮೊಸಳೆಯ ಒಂದು ಪ್ರತಿಕೃತಿ ತಂದು ಬಿಟ್ಟರು. ಸುದ್ದಿಯಾಯಿತು, ಗುಂಡಿ ರಿಪೇರಿಯಾಯಿತು, ಮೊಸಳೆಯ ಕೆಲಸವೂ ಮುಗಿಯಿತು.

ನಮ್ಮ ಕರಾವಳಿಗೆ ಇನ್ನೊಂದು ಎಚ್ಚರ ಬೇಕು. ಉತ್ಸವಗಳಿಗೆ ಅನುಕೂಲವಾದ ಚಳಿಗಾಲವೇ ಆಲಿವ್ ರಿಡ್ಲೆ ಕಡಲಾಮೆಗಳು ಈ ತೀರದಲ್ಲಿ ಮೊಟ್ಟೆ ಇಡುವ ಕಾಲ. ಮೊಟ್ಟೆಯೊಡೆದ ಮರಿಗಳು ಕಡಲ ಮೇಲಿನ ಬೆಳಕು ನೋಡಿಕೊಂಡು ನೀರಿನ ಕಡೆ ಹೋಗುತ್ತವೆ. ದಂಡೆಯಲ್ಲಿ ಜೋರು ದೀಪ ಇದ್ದರೆ ಅವು ಊರಿನ ಕಡೆ ತಿರುಗುತ್ತವೆ. ಮರಳಿನ ಮೇಲೆ ಏನು ನಿಲ್ಲಿಸಬೇಕು ಅನ್ನುವಷ್ಟೇ ಮುಖ್ಯ, ರಾತ್ರಿ ಅದರ ದೀಪ ಎಷ್ಟು ಹೊತ್ತಿಗೆ ಆರಬೇಕು ಅನ್ನುವುದು.

ಹಾಗಾಗಿ ಕೇಳಬೇಕಾದದ್ದು ಇಷ್ಟು. ನಗರಸಭೆಯೋ ಉತ್ಸವ ಸಮಿತಿಯೋ ಇಂಥ ಕೆಲಸಕ್ಕೆ ಒಪ್ಪಿಗೆ ಕೊಡುವಾಗ ಬಿಚ್ಚುವ ತಾರೀಖನ್ನು ಅದೇ ಕಾಗದದಲ್ಲಿ ಬರೆಯಲಿ. ಬಿಚ್ಚುವ ಖರ್ಚನ್ನು ಠೇವಣಿಯಾಗಿ ಮೊದಲೇ ಇಟ್ಟುಕೊಳ್ಳಲಿ, ಜಾಗ ಮೊದಲಿನ ಹಾಗಾದ ಮೇಲೆ ವಾಪಸ್ ಕೊಡಲಿ. ಕಲಾವಿದರನ್ನು ಹುಡುಕುವಾಗ ಮೊದಲು ಮಾರುತಿ ಗಲ್ಲಿಯ ರಂಗೋಲಿ ಕೈಗಳನ್ನು, ಚಪ್ಪರ ಹಾಕುವವರನ್ನು, ಬೇಡರ ವೇಷ ಕಟ್ಟುವವರನ್ನು ಕರೆಯಲಿ. ಕರೆದರೆ ಬರೀ ಊಟ, ಶಾಲು ಕೊಟ್ಟು ಕಳಿಸದೆ ಕೂಲಿಯನ್ನೂ ಸರಿಯಾಗಿ ಕೊಡಲಿ.