ಬೆಳ್ಳಿ ಚಮಚವನ್ನು ಉಜ್ಜುವವರು ಯಾರು?

ಸಾಂಸ್ಥಿಕ ಅರ್ಥಶಾಸ್ತ್ರದ, ಎಂದರೆ ಸಮಾಜದ ರೂಢಿಗಳು, ಸಂಸ್ಥೆಗಳು ಆರ್ಥಿಕ ನಡೆಯನ್ನು ಹೇಗೆ ರೂಪಿಸುತ್ತವೆ ಎಂದು ನೋಡುವ ಶಾಖೆಯ, ಪಾಠವನ್ನು ನಾನು ಸಾಮಾನ್ಯವಾಗಿ ಒಂದು ಚಮಚದಿಂದ ಆರಂಭಿಸುತ್ತೇನೆ. 1899ರ ಅಮೆರಿಕದಲ್ಲಿ ಕೈಕೆಲಸದ ಬೆಳ್ಳಿ ಚಮಚಕ್ಕೆ ಹತ್ತಿಪ್ಪತ್ತು ಡಾಲರ್, ಯಂತ್ರದಲ್ಲಿ ತಯಾರಾದ ಅಲ್ಯೂಮಿನಿಯಂ ಚಮಚಕ್ಕೆ ಹತ್ತಿಪ್ಪತ್ತು ಸೆಂಟ್. ಉಣ್ಣುವುದಕ್ಕೆ ಎರಡೂ ಒಂದೇ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞ ಥಾರ್‌ಸ್ಟೀನ್ ವೆಬ್ಲೆನ್ ಆ ವರ್ಷ ಬರೆದರು. ಗ್ರಾಹಕನ ಅಭಿರುಚಿಯನ್ನು ಪ್ರಶ್ನಿಸದೆ ಒಪ್ಪಿಕೊಂಡು ಲೆಕ್ಕಕ್ಕೆ ಕೂರುತ್ತಿದ್ದ ಅರ್ಥಶಾಸ್ತ್ರಕ್ಕೆ, ಅಂತಸ್ತಿನ ಪೈಪೋಟಿ ಮತ್ತು ರೂಢಿಗಳೇ ಆ ಅಭಿರುಚಿಯನ್ನು ರೂಪಿಸುತ್ತವೆ ಎಂದು ಅವರು ತೋರಿಸಿಕೊಟ್ಟರು.

ಆ ಚಮಚವನ್ನು ದಿನವೂ ಉಜ್ಜಿ ಹೊಳೆಯಿಸುವವರ ಶ್ರಮವನ್ನು ಏನೆಂದು ಕರೆಯಬೇಕು? ಅಮೆರಿಕದ ಮಧ್ಯಮ ವರ್ಗದ ಯಜಮಾನ ದುಡಿಯಲೇಬೇಕಾಗಿ ಬಂದಾಗ ವಿರಾಮವನ್ನು ಪ್ರದರ್ಶಿಸುವ ಹೊಣೆ ಹೆಂಡತಿಯ ಮೇಲೆ ಬೀಳುತ್ತದೆ, ಆಕೆ ಮನೆಯನ್ನು ಒಪ್ಪಓರಣವಾಗಿ ಇಡುವ ಕೆಲಸದಲ್ಲಿ ಬಹುಪಾಲು ಆಕೆಗೆ ಸಂಪಾದನೆಯ ಅಗತ್ಯವಿಲ್ಲವೆಂದು ಸಾರುವುದಕ್ಕೇ ನಡೆಯುತ್ತದೆ ಎಂಬುದು ವೆಬ್ಲೆನ್ನರ ಉತ್ತರ. ಚುರುಕಾದ ನೋಟವೇನೋ ಹೌದು. ಆದರೆ ಆಡಂಬರದ ಮೇಲೆ ನೆಟ್ಟ ಆ ಕಣ್ಣಿಗೆ ಜ್ವರದ ಮಗುವಿನ ಪಕ್ಕದಲ್ಲಿ ಕಳೆದ ರಾತ್ರಿ ಅಷ್ಟಾಗಿ ಬೀಳಲಿಲ್ಲವೆಂದು ನನಗನ್ನಿಸುತ್ತದೆ.

ಆ ಕೊರತೆಯನ್ನು ತುಂಬಿದವರು, ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಹೆಸರಿಸದ ಇಬ್ಬರು ಮಹಿಳಾ ಅರ್ಥಶಾಸ್ತ್ರಜ್ಞರು. ಜೀವನಮಟ್ಟವೆಂಬುದು ಸಮಾಜ ಕಲಿಸಿದ ಅಭ್ಯಾಸಗಳ ಕಟ್ಟು ಎಂದು ಹೇಝಲ್ ಕರ್ಕ್ 1923ರಲ್ಲಿ ವಾದಿಸಿದರು. ಅವರ ಶಿಷ್ಯೆ ಮಾರ್ಗರೆಟ್ ರೀಡ್ 1934ರಲ್ಲಿ ಒಂದು ಸರಳ ಒರೆಗಲ್ಲನ್ನು ಕೊಟ್ಟರು: ಸಂಬಳ ಕೊಟ್ಟು ಮೂರನೆಯವರಿಂದ ಮಾಡಿಸಬಹುದಾದ ಕೆಲಸವೆಲ್ಲವೂ, ಅದನ್ನು ಮನೆಯವರೇ ಮಾಡಿದರೂ, ಉತ್ಪಾದನೆಯೇ. ಅಡುಗೆ, ಆರೈಕೆಗಳು ಈ ಒರೆಗೆ ನಿಲ್ಲುತ್ತವೆ. ಆದರೂ ರಾಷ್ಟ್ರೀಯ ವರಮಾನದ ಲೆಕ್ಕ ಮನೆಯವರಿಗಾಗಿ ಮನೆಯವರು ಸಂಬಳವಿಲ್ಲದೆ ಮಾಡುವ ಈ ಸೇವೆಗಳನ್ನು ಇಂದಿಗೂ ಹೊರಗಿಡುತ್ತದೆ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. ಪುರುಷರಲ್ಲಿ ಹಾಗೆ ತೊಡಗಿದವರು ಸುಮಾರು ಕಾಲು ಭಾಗ ಮಾತ್ರ.

ತರಗತಿಯಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಇಲ್ಲೇ ತಡೆಯುತ್ತಾನೆ: ಚಮಚ ಉಜ್ಜುವುದಕ್ಕೂ ಆಳನ್ನು ಇಡಬಹುದಲ್ಲ ಸಾರ್, ಅದೂ ಉತ್ಪಾದನೆಯೇ? ರೀಡ್ ಅವರ ಪ್ರಕಾರ ಹೌದು. ಅವರ ಒರೆಗಲ್ಲು ಶ್ರಮವನ್ನು ಗುರುತಿಸುತ್ತದೆ, ಆ ಶ್ರಮ ಯಾವುದಕ್ಕಾಗಿ ಎಂಬುದನ್ನಲ್ಲ. ಅದನ್ನು ಕೇಳುವುದಕ್ಕೆ ಮತ್ತೆ ವೆಬ್ಲೆನ್ನರ ಬಳಿಗೇ ಹೋಗಬೇಕು. ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ಕೂರಲು ಹೋಮ್ ನರ್ಸ್ ಸಿಗುತ್ತಾರೆ, ಅವರ ದಿನಗೂಲಿಯನ್ನು ಲೆಕ್ಕದಲ್ಲಿ ಬರೆದುಕೊಳ್ಳಬಹುದು; ಆ ತಾಯಿ ಮಗಳನ್ನೇ ಕರೆಯುತ್ತಿದ್ದರೆ ಅದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ಆ ವಿದ್ಯಾರ್ಥಿ ಕೇಳಿಲ್ಲ, ನಾನೂ ಅದನ್ನು ಎತ್ತಿಲ್ಲ.