ಗೂಡು ಖಾಲಿ ಇದ್ಯಾ ಅಂತ ವಾಲ್ಯೂಮ್ ಹೇಳಲ್ಲ

ದೊಡ್ಡಮ್ಮನ ಮಗ ಒಂದಿನ ರಾತ್ರಿ ಹನ್ನೊಂದು ಗಂಟೆಗೆ ಸ್ಕ್ರೀನ್‌ಶಾಟ್ ಕಳಿಸಿ, ನೀಶ್ ಸಿಕ್ತು ಮಾರಾಯ ಅಂದ. ನೀಶ್ ಅಂದ್ರೆ ಬೇರೆಯವ್ರು ಅಷ್ಟಾಗಿ ಕೈ ಹಾಕದ, ನಾವು ಬರ್ದು ಓದುಗರನ್ನ ಹಿಡೀಬಹುದಾದ ವಿಷಯ. ಸ್ಕ್ರೀನ್‌ಶಾಟ್ ಗೂಗಲ್‌ನ ಕೀವರ್ಡ್ ಪ್ಲಾನರ್‌ದು, ಯಾವ ಪದನ ಎಷ್ಟು ಸಲ ಹುಡುಕ್ತಾರೆ ಅಂತ ಜಾಹೀರಾತು ಕೊಡೋರಿಗೆ ತೋರಿಸೋ ಟೂಲ್ ಅದು; 'ಗಾರ್ಡನಿಂಗ್ ಟಿಪ್ಸ್' ಅನ್ನೋ ಸಾಲು, ತಿಂಗಳಿಗೆ 10 ಸಾವಿರದಿಂದ 1 ಲಕ್ಷ ಹುಡುಕಾಟ (ಇದನ್ನೇ ವಾಲ್ಯೂಮ್ ಅನ್ನೋದು), ಪಕ್ಕದ ಕಾಲಮ್‌ನಲ್ಲಿ ಕಾಂಪಿಟಿಷನ್ 'ಲೋ'. ಅವನ ಖುಷಿ ನೋಡಿದ್ರೆ ಜಾತಕ ಕೂಡಿ ಬಂತು, ಇನ್ನು ಛತ್ರ ಬುಕ್ ಮಾಡೋದೊಂದೇ ಬಾಕಿ ಅನ್ನೋ ಹಾಗಿತ್ತು. ಪಂಚಾಂಗ ನೋಡಿ ಅಂಗಡಿ ಓಪನ್ ಮಾಡೋರನ್ನ ಕಂಡ್ರೆ ನಗೋ ಹುಡುಗ ಇವ್ನು.

ಮೊದ್ಲು ಆ 'ಲೋ' ಕಥೆ ಮುಗಿಸಿಬಿಡ್ತೀನಿ, ಇದನ್ನ ಹೇಳಿ ಹೇಳಿ ಸಾಕಾಗಿದೆ. ಆ ಕಾಲಮ್‌ನಲ್ಲಿರೋದು ಜಾಹೀರಾತು ಕೊಡೋರ ನಡುವಿನ ಪೈಪೋಟಿ, ಆ ವಿಷಯದ ಮೇಲೆ ಎಷ್ಟು ಜನ ಈಗಾಗ್ಲೇ ಬರ್ದು ಕೂತಿದಾರೆ ಅನ್ನೋದಲ್ಲ. ಹುಡುಕೋ ಪದಗಳನ್ನ ಹರಾಜಿಗೆ ಇಡೋ ವ್ಯಾಪಾರ 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್‌ನಿಂದ ಶುರುವಾಯ್ತು, 2000ದ ಅಕ್ಟೋಬರ್‌ನಲ್ಲಿ ಗೂಗಲ್‌ನ ಜಾಹೀರಾತು ವ್ಯವಸ್ಥೆ ಆಡ್‌ವರ್ಡ್ಸ್ ಬಂತು, 2002ರಲ್ಲಿ ಅಲ್ಲೂ ಕ್ಲಿಕ್‌ಗೆ ಇಷ್ಟು ಅಂತ ಹರಾಜು. ಪ್ಲಾನರ್ ಅನ್ನೋದು ಆ ಮಂಡಿಯ ದರಪಟ್ಟಿ ಅಷ್ಟೇ. ಬಸ್‌ಸ್ಟ್ಯಾಂಡ್ ಎದುರಿನ ಹೋರ್ಡಿಂಗ್ ಖಾಲಿ ಇದೆ ಅಂದ್ರೆ ಅಲ್ಲಿ ಹೋಟ್ಲೇ ಇಲ್ಲ ಅಂತ ಅರ್ಥನಾ? ಸಾಲಾಗಿ ಇಪ್ಪತ್ತು ಹೋಟ್ಲಿರಬಹುದು, ಯಾರಿಗೂ ಬೋರ್ಡ್ ಹಾಕೋ ದರ್ದು ಇಲ್ಲ ಅಷ್ಟೇ.

ಈಗ ನನಗೆ ನಿಜವಾಗ್ಲೂ ಇಷ್ಟವಾದ ವಿಷಯಕ್ಕೆ ಬರ್ತೀನಿ. ನೀಶ್ ಅನ್ನೋ ಪದ (ಅರ್ಧ ಜನ ನಿಚ್ ಅಂತಾರೆ, ಪರವಾಗಿಲ್ಲ) ಮಾರ್ಕೆಟಿಂಗ್‌ನೋರು ಹುಟ್ಟಿಸಿದ್ದಲ್ಲ. ಫ್ರೆಂಚ್‌ನಲ್ಲಿ ಅದು ವಿಗ್ರಹ ಇಡೋಕೆ ಗೋಡೆಯಲ್ಲಿ ಬಿಟ್ಟ ಗೂಡು, ನಮ್ಮ ಹಳೇ ಮನೆಗಳಲ್ಲಿ ದೀಪ ಇಡ್ತಿದ್ವಲ್ಲ ಅದೇ. 1917ರಲ್ಲಿ ಜೋಸೆಫ್ ಗ್ರಿನ್ನೆಲ್ ಅನ್ನೋ ಪ್ರಾಣಿಶಾಸ್ತ್ರಜ್ಞ ಕ್ಯಾಲಿಫೋರ್ನಿಯಾದ ಕುರುಚಲು ಕಾಡಿನ ಥ್ರಾಶರ್ ಹಕ್ಕಿ ಬಗ್ಗೆ ಬರೀತಾ ಜೀವಿಯ ಜಾಗಕ್ಕೆ ಈ ಪದ ಬಳಸಿದ. ಆಮೇಲೆ ಬಂದವನು ಮಾಸ್ಕೋದ ಜೀವವಿಜ್ಞಾನಿ ಗಾಸ್, ಇನ್ನೂ ಇಪ್ಪತ್ತರ ಹರೆಯದ ಹುಡುಗ, 1934ರಲ್ಲಿ ಅವನ ಪ್ರಯೋಗಗಳು ಪುಸ್ತಕವಾಗಿ ಬಂದ್ವು. ನೀರಲ್ಲಿರೋ ಒಂದೇ ಕೋಶದ ಸೂಕ್ಷ್ಮಜೀವಿ ಪ್ಯಾರಾಮೀಶಿಯಂನ ಎರಡು ಜಾತಿ ತಗೊಂಡ, ಔರೇಲಿಯಾ ಮತ್ತೆ ಕಾಡೇಟಂ. ಬೇರೆ ಬೇರೆ ಟ್ಯೂಬಲ್ಲಿ ಸಾಕಿದ್ರೆ ಎರಡೂ ಚೆನ್ನಾಗೇ ಬೆಳೀತಿದ್ವು. ಒಂದೇ ಟ್ಯೂಬಲ್ಲಿ, ಒಂದೇ ಊಟಕ್ಕೆ ಬಿಟ್ಟ, ಕಾಡೇಟಂ ಕರಗ್ತಾ ಕರಗ್ತಾ ಇಲ್ಲವಾಗೇ ಹೋಯ್ತು. ಅದಕ್ಕೇನೂ ರೋಗ ಇರ್ಲಿಲ್ಲ, ಸೋಮಾರಿನೂ ಅಲ್ಲ, ಅದೇ ಊಟವನ್ನ ಅದಕ್ಕಿಂತ ಒಂಚೂರು ಚೆನ್ನಾಗಿ ಬಳಸ್ಕೊಳ್ಳೋನು ಪಕ್ಕದಲ್ಲಿದ್ದ ಅಷ್ಟೇ. 'ಗಾರ್ಡನಿಂಗ್ ಟಿಪ್ಸ್'ಗೆ ಹೋಗೋ ಹೊಸಬನ ಗತಿನೂ ಇದೇ, ಜಾತ್ರೆಯ ನಡುಬೀದೀಲಿ ದೊಡ್ಡ ಅಂಗಡಿ ಪಕ್ಕ ಅದೇ ಬಳೆ ಹರಡ್ಕೊಂಡು ಕೂತಂಗೆ.

ಆದ್ರೆ ಗಾಸ್ ಅಲ್ಲಿಗೆ ನಿಲ್ಲಿಸ್ಲಿಲ್ಲ. ಆಮೇಲೆ ಇದೇ ಕಾಡೇಟಂನ ಬರ್ಸೇರಿಯಾ ಅನ್ನೋ ಇನ್ನೊಂದು ಜಾತಿ ಜೊತೆ ಬಿಟ್ಟ. ಎರಡೂ ಬದುಕಿದ್ವು! ಕಾಡೇಟಂ ಮೇಲಿನ ನೀರಲ್ಲಿ ಬ್ಯಾಕ್ಟೀರಿಯಾ ತಿಂತು, ಬರ್ಸೇರಿಯಾ ತಳದಲ್ಲಿ ಕೂತಿದ್ದ ಯೀಸ್ಟ್ ತಿಂತು. ತಳದಲ್ಲಿ ಆಕ್ಸಿಜನ್ ಕಮ್ಮಿ, ಬೇರೆಯವ್ರಿಗೆ ಅಲ್ಲಿ ಉಸಿರು ಕಟ್ಟುತ್ತೆ, ಬರ್ಸೇರಿಯಾ ಮಾತ್ರ ಮೈಯೊಳಗೆ ಹಸಿರು ಪಾಚಿ ಸಾಕ್ಕೊಂಡಿರುತ್ತೆ, ಬೆಳಕು ಬಿದ್ರೆ ಅದೇ ಆಕ್ಸಿಜನ್ ಕೊಡುತ್ತೆ. ಅಂದ್ರೆ ಗೂಡು ಅನ್ನೋದು ಟ್ಯೂಬಿನ ಗಾತ್ರ ಅಲ್ಲ, ಬೇರೆಯವ್ರು ಬಿಟ್ಟ ಜಾಗ ಮತ್ತೆ ನಿನ್ನೊಳಗೆ ಏನು ಪಾಚಿ ಇದೆ ಅನ್ನೋದು, ಎರಡೂ ಸೇರಿ ಆಗೋದು.

ತಳದಲ್ಲಿ ಊಟ ಎಷ್ಟಿರುತ್ತೆ ಮಹಾ, ಅಂದ ದೊಡ್ಡಮ್ಮನ ಮಗ. ಇಲ್ಲೇ ಹಾರ್ವರ್ಡ್‌ನ ಭಾಷಾವಿಜ್ಞಾನಿ ಝಿಪ್ಫ್ ಬರ್ತಾನೆ. ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯ ಪದಕ್ಕಿಂತ ಎರಡನೇದು ಸುಮಾರು ಅರ್ಧದಷ್ಟು, ಮೂರನೇದು ಮೂರರಲ್ಲೊಂದು, ಹತ್ತನೇದು ಹತ್ತರಲ್ಲೊಂದು, ಹೀಗೆ ಇಳೀತಾ ಹೋಗುತ್ತೆ. (ಎಸ್ಟೂ ಅನ್ನೋ ಫ್ರೆಂಚ್ ಶೀಘ್ರಲಿಪಿಕಾರ ಇದನ್ನ ಮುಂಚೆನೇ ಗಮನಿಸಿದ್ದ, ಹೆಸರು ಮಾತ್ರ ಝಿಪ್ಫ್‌ಗೆ ಬಂತು.) ಹುಡುಕಾಟದ ಪದಗಳೂ ಹೆಚ್ಚುಕಮ್ಮಿ ಹೀಗೇ ಇಳಿಯೋದು. ನೆತ್ತಿಯ ಪದಕ್ಕೆ ತಿಂಗಳಿಗೆ 1 ಲಕ್ಷ ಅಂತಿಟ್ಕೊಳ್ಳಿ, ಸಾವಿರನೇ ಪದಕ್ಕೆ 100, ಲಕ್ಷನೇ ಪದಕ್ಕೆ ಬರೀ ಒಂದು. ಈಗ ಕೂಡಿ ನೋಡಿ. ಮೊದಲ ಹತ್ತು ಪದದ ಒಟ್ಟು ಸುಮಾರು 2.9 ಲಕ್ಷ. ಹನ್ನೊಂದರಿಂದ ಲಕ್ಷದವರೆಗಿನ ಬಾಲದ ಒಟ್ಟು? ಸುಮಾರು 9.2 ಲಕ್ಷ, ಮೂರು ಪಟ್ಟು! ನಾನು ಇದನ್ನ ಕಾಗದದ ಮೇಲೆ ಹಾಕಿ ಫೋಟೋ ಕಳಿಸ್ದೆ, ನಂಬ್ಲಿಲ್ಲ, ಎಕ್ಸೆಲ್‌ನಲ್ಲಿ ತಾನೇ ಕೂಡಿದ. ಹಬ್ಬದ ದಿನ ಮನೆ ಗುಡಿಸಿದ್ರೆ ದೊಡ್ಡ ಕಸ ನಾಲ್ಕೇ ಇರುತ್ತೆ, ಮೊರ ತುಂಬೋದು ಧೂಳಿಂದ್ಲೇ.

ಮತ್ತೆ ಈ ಬಾಲ ಟೂಲ್‌ಗೆ ಸರಿಯಾಗಿ ಕಾಣೋದೇ ಇಲ್ಲ. ದಿನದ ಹುಡುಕಾಟಗಳಲ್ಲಿ ಸುಮಾರು 15 ಪರ್ಸೆಂಟ್ ತಾನು ಹಿಂದೆಂದೂ ನೋಡಿರದವು ಅಂತ ಗೂಗಲ್ಲೇ ಹೇಳಿದೆ, ಅವು ಯಾವ ಪಟ್ಟಿಯಲ್ಲಿ ಸಿಗ್ಬೇಕು? ನಮ್ಮ ಭಾಷೆಯಲ್ಲಂತೂ ಇನ್ನೂ ಫಜೀತಿ, ಒಬ್ಬ ಕನ್ನಡ ಲಿಪೀಲಿ ಟೈಪ್ ಮಾಡ್ತಾನೆ, ಇನ್ನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ, ಮಗದೊಬ್ಬ ಅದರಲ್ಲೂ ಎರಡು 'ಎಲ್' ಹಾಕೋ ಕಡೆ ಒಂದೇ ಹಾಕ್ತಾನೆ, ಇನ್ನು ಗಿಡಕ್ಕೆ, ಗಿಡದ, ಗಿಡದಲ್ಲಿ ಅಂತ ವಿಭಕ್ತಿ ಬೇರೆ. ಒಂದೇ ಪ್ರಶ್ನೆ ಹತ್ತು ಸಾಲಾಗಿ ಚೂರಾಗುತ್ತೆ, ಪ್ಲಾನರ್‌ನಲ್ಲಿ ಪ್ರತಿ ಚೂರಿನ ಮುಂದೂ ಸಂಖ್ಯೆ ಬದ್ಲು ಒಂದು ಗೀಟು. ಗೀಟು ಅಂದ್ರೆ ಯಾರೂ ಕೇಳ್ತಿಲ್ಲ ಅಂತಲ್ಲ, ಆ ತಕ್ಕಡಿಯಲ್ಲಿ ಸಾಸಿವೆ ತೂಗಲ್ಲ ಅಂತ. ಪ್ಲಾನರ್ ಕೊಡೋ ಹನ್ನೆರಡು ತಿಂಗಳ ಸರಾಸರಿ ಅನ್ನೋದೂ ಒಂದು ಮೋಸ, ಮಣ್ಣಿನ ಗಣಪತಿನ ಫೆಬ್ರವರೀಲಿ ಯಾರು ಹುಡುಕ್ತಾರೆ, ಚೌತಿಯ ರಶ್ ಎಲ್ಲಾ ತಿಂಗಳಿಗೂ ಹಂಚಿ ಹೋಗಿರುತ್ತೆ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ, ಉಡುಪಿ ಹತ್ರ ಶಂಕರಪುರದ ಕಡೆ. ಅಲ್ಲಿ ಮಲ್ಲಿಗೆನ ಎಣಿಸೋದೇ ಬೇರೆ ಲೆಕ್ಕ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಜಗಲಿ ಮೇಲೆ ಕೂತು ಅವನ ಫೋನ್ ತಗೊಂಡು 'ಮಲ್ಲಿಗೆ ಗಿಡ' ಅಂತ ಟೈಪ್ ಮಾಡಿ ಒಂದು ಸ್ಪೇಸ್ ಕೊಟ್ಟೆ, ಎಂಟರ್ ಒತ್ತಲಿಲ್ಲ. ಕೆಳಗೆ ಸಲಹೆಗಳು ಇಳಿದ್ವು. ಒಂದೊಂದೇ ಅಕ್ಷರ ಹಾಕಿ ಮತ್ತೆ ನೋಡಿದ್ವಿ. ಮೊಗ್ಗು ಉದುರೋದು, ಎಲೆ ಹಳದಿ ಆಗೋದು, ಕುಂಡದಲ್ಲಿ ಬೆಳೆಸೋದು, ಇವತ್ತಿನ ಅಟ್ಟೆ ರೇಟು. 'ಮೊಗ್ಗು ಉದುರೋದು' ಒತ್ತಿ ಮೊದಲ ಪೇಜ್ ಪೂರ್ತಿ ಓದಿದ್ವಿ, ಯಾವ್ದೋ ಚಳಿ ದೇಶದ ಗುಲಾಬಿ ಲೇಖನದ ಅನುವಾದ, ಒಂದು ನರ್ಸರಿಯ ರೇಟ್ ಲಿಸ್ಟ್, ಗೊಬ್ಬರ ಮಾರೋ ಎರಡು ವಿಡಿಯೋ. ಮಲ್ಲಿಗೆ ಬೆಳೆದವರು ಒಬ್ರೂ ಮಾತಾಡ್ತಿಲ್ಲ. ಪ್ಲಾನರ್‌ನಲ್ಲಿ ನೋಡಿದ್ರೆ, ಗೀಟು.

ಒಳಗಿಂದ ದೊಡ್ಡಮ್ಮ ಬಾಳೆನಾರಲ್ಲಿ ಹೂ ಕಟ್ತಾ ಕಟ್ತಾನೇ, "ಯಾರ ಮನೇದು ಮೊಗ್ಗು ಉದುರುದು? ಬಿಸಿಲು ಬೀಳ್ತದಾ ಕೇಳು ಮೊದ್ಲು, ಮತ್ತೆ ಬುಡದಲ್ಲಿ ನೀರು ನಿಲ್ತದಾ ಕೇಳು" ಅಂದ್ರು. ಅವನು ಎಕ್ಸೆಲ್ ಮುಚ್ಚಿ, ಫೋನಲ್ಲಿ ರೆಕಾರ್ಡರ್ ಆನ್ ಮಾಡಿ ಒಳಗೆ ಹೋದ.